ಬಲಕ್ಕೆ ಎಳೆಯುತ್ತಿದ್ದ ಗಾಡಿ

ಗ್ಯಾರೇಜಿನ ಶಟರ್ ಎಳೆದು ಬೀಗ ಹಾಕಿದ ಮೇಲೆ ನನಗೆ ಉಳಿದದ್ದು ಎರಡೇ ಕೆಲಸ. ಬೆಳಿಗ್ಗೆ ಹೊನ್ನಾವರದ ಬಂದರಿನ ತನಕ ನಡೆದು ಬರುವುದು; ಐ.ಟಿ.ಐ. ಮುಗಿಸಿ ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗರು ಏನಾದರೂ ಕೇಳಲು ಬಂದರೆ ಅವರನ್ನು ಬೈಯುವುದು. ಬೈಸಿಕೊಂಡ ಅವರೇ, "ಬಾಯಲ್ಲಿ ಹೇಳಿದ್ದು ಮರ್ತೋಗ್ತದೆ, ಬರ್ದಿಡಿ ಮೇಸ್ತ್ರಿ" ಎಂದರು. ಬರೆಯುತ್ತಿದ್ದೇನೆ. ಹುರಿದುಂಬಿಸುವ ಮಾತು ಬೇಕಾದವರು ಬೇರೆಲ್ಲಾದರೂ ಹುಡುಕಿಕೊಳ್ಳಿ. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ. ನಮ್ಮ ಕಸುಬಿನಲ್ಲಿ ಕೈಗೆ ಗ್ರೀಸು ಹತ್ತುವುದು ಖಾತ್ರಿ, ಮೊಸರಿನ ಸಂಗತಿ ನನಗೆ ಗೊತ್ತಿಲ್ಲ.

ಈ ಕೆಲಸಕ್ಕೆ ಬರುವವರೆಲ್ಲ ಇಂಜಿನ್ನಿನ ಸದ್ದಿಗೆ ಮರುಳಾಗಿ ಬರುತ್ತಾರೆ. ನಾನೂ ಹಾಗೇ ಬಂದವನು. ನನಗೆ ಪಾನಾ ಹಿಡಿಯಲು ಕಲಿಸಿದ್ದು ಭಟ್ಕಳದ ಒಬ್ಬ ಉಸ್ತಾದರು. ಮನೆಯಲ್ಲಿ ನವಾಯತಿ, ಗಿರಾಕಿಗಳ ಜೊತೆ ಉರ್ದು, ನಮ್ಮ ಜೊತೆ ಕನ್ನಡ ಆಡುತ್ತಿದ್ದ ಅವರು ಮೂರು ಭಾಷೆಯಲ್ಲೂ ಮಿತಭಾಷಿ. ಬಹಳ ಕಾಲ ನನ್ನನ್ನು ಇಂಜಿನ್ ಮುಟ್ಟಲು ಬಿಡಲೇ ಇಲ್ಲ. ಚಕ್ರದ ಪಕ್ಕ ಕೂರಿಸಿ ಬ್ರೇಕ್ ಬಿಚ್ಚಿಸುವುದು, ಒರೆಸಲು ಹೇಳುವುದು, ಮತ್ತೆ ಜೋಡಿಸಲು ಹೇಳುವುದು. ಒಂದು ದಿನ ನಾನು ಗೊಣಗಿದ್ದು ಅವರ ಕಿವಿಗೆ ಬಿತ್ತು.

"ಇಂಜಿನ್ ಕೆಟ್ರೆ ಗಿರಾಕಿ ಬಂದು ಬೈತಾನೆ" ಎಂದರು. "ಬ್ರೇಕ್ ಕೆಟ್ರೆ ಬೈಯೂಕೆ ಗಿರಾಕಿನೇ ಇರೂದಿಲ್ಲ."

ಅವರದೊಂದು ಕಟ್ಟಳೆಯಿತ್ತು. ಬ್ರೇಕಿನ ಕೆಲಸ ಮಾಡಿದವನೇ ಗಾಡಿಯನ್ನು ಮೊದಲು ಇಳಿಜಾರಿಗೆ ಒಯ್ಯಬೇಕು, ಒಬ್ಬನೇ ಹೋಗಬೇಕು. ಗಿರಾಕಿಯನ್ನು ಪಕ್ಕದಲ್ಲಿ ಕೂರಿಸಿಕೊಳ್ಳುವ ಹಾಗಿಲ್ಲ. "ನಿನ್ ಕೆಲ್ಸ, ನಿನ್ ಜೀವ" ಎನ್ನುತ್ತಿದ್ದರು. ಗಾಡಿ ನಮ್ಮಲ್ಲೇ ಎಷ್ಟು ದಿನ ನಿಂತಿದ್ದರೂ ಸರಿ, ಒಪ್ಪಿಸುವ ಮುನ್ನ ಇನ್ನೊಮ್ಮೆ ಹೋಗಿ ಬರಬೇಕು. ಆಗ ನನಗೆ ಇದೊಂದು ಮುದುಕನ ಹುಚ್ಚು ಅನಿಸುತ್ತಿತ್ತು.

ಉಸ್ತಾದರನ್ನು ಮಕ್ಕಳು ದುಬೈಗೆ ಕರೆಸಿಕೊಂಡ ಮೇಲೆ ಆ ಗ್ಯಾರೇಜು ಮುಚ್ಚಿತು. ನಾನು ಕುಮಟಾದ ಇನ್ನೊಂದು ಗ್ಯಾರೇಜು ಸೇರಿದೆ. ಅಲ್ಲಿನ ಧಣಿ ಎಲ್ಲವನ್ನೂ ಸೀಮೆಎಣ್ಣೆಯಲ್ಲಿ ತೊಳೆಯುವ ಪೈಕಿ. ಬ್ರೇಕಿನೊಳಗಿನ ರಬ್ಬರ್ ಬಟ್ಟಲುಗಳನ್ನೂ ಅದರಲ್ಲೇ ಅದ್ದಿಡುತ್ತಿದ್ದ. ಹೊಸಬರು ಇದನ್ನು ನೆನಪಿಟ್ಟುಕೊಳ್ಳಿ: ಎಣ್ಣೆಗೂ ಬ್ರೇಕಿನ ರಬ್ಬರಿಗೂ ಎಣ್ಣೆ ಸೀಗೆಕಾಯಿ ಸಂಬಂಧ. ನಾವು ಬ್ರೇಕ್ ಆಯಿಲ್ ಎಂದು ಕರೆಯುವುದು ಎಣ್ಣೆಯೇ ಅಲ್ಲ, ಅದು ಬೇರೆಯೇ ದ್ರವ. ನಿಜವಾದ ಎಣ್ಣೆ ತಾಗಿದರೆ ಆ ರಬ್ಬರು ನೀರಲ್ಲಿ ಬಿದ್ದ ಅವಲಕ್ಕಿಯ ಹಾಗೆ ಉಬ್ಬುತ್ತದೆ. ನಾನು ಧಣಿಗೆ ಹೇಳಿದೆ. "ನಿನ್ನ ಉಸ್ತಾದ್ ಹತ್ರ ಕಲ್ತದ್ದು ಅಲ್ಲೇ ಇಟ್ಕ" ಎಂದ. ಒಂದು ಸಂತೆಯ ದಿನ ಅವನು ಜೋಡಿಸಿ ಕಳಿಸಿದ ಟೆಂಪೊ ಪೇಟೆಯಲ್ಲಿ ನಿಲ್ಲದೆ ನೇರ ಮೀನು ಮಾರುವವರ ಸಾಲಿಗೆ ನುಗ್ಗಿತು. ಬುಟ್ಟಿ ಮುಂದಿಟ್ಟುಕೊಂಡು ಕೂತಿದ್ದ ಒಬ್ಬ ಹೆಂಗಸು ಅಲ್ಲೇ ಹೋದಳು. ಧಣಿ ಚಾ ಕುಡಿಯುತ್ತ, "ಎಂತ ಮಾಡೂದು, ಅವಳ ಹಣೆಬರ" ಎಂದ. ನಾನು ಚಾದ ಲೋಟ ಅಲ್ಲೇ ಇಟ್ಟು ಹೊರಟು ಬಂದವನು ಮತ್ತೆ ಆ ಗ್ಯಾರೇಜಿನ ಮೆಟ್ಟಿಲು ತುಳಿಯಲಿಲ್ಲ. ಅಂದಿನಿಂದ ಅಪಘಾತದ ವಿಷಯದಲ್ಲಿ ಯಾರಾದರೂ ಹಣೆಬರ, ದೇವರ ಇಚ್ಛೆ ಎಂದರೆ ನನ್ನ ಮೈ ಉರಿಯುತ್ತದೆ. ದೇವರು ರಬ್ಬರನ್ನು ಸೀಮೆಎಣ್ಣೆಯಲ್ಲಿ ತೊಳೆಯುವುದಿಲ್ಲ.

ಹೊನ್ನಾವರದಲ್ಲಿ ಸ್ವಂತ ಗ್ಯಾರೇಜು ಹಾಕಿದ ಮೇಲಿನದನ್ನೆಲ್ಲ ಬರೆಯುತ್ತ ಹೋದರೆ ನೀವು ಆಕಳಿಸುತ್ತೀರಿ. ಡ್ರಮ್ ಬ್ರೇಕ್ ಹೋಗಿ ಡಿಸ್ಕ್ ಬಂತು. ಡಿಸ್ಕ್ ಹಿಂದೆಯೇ ಕಂಪ್ಯೂಟರ್ ಬಂತು. ಈಗ ವಾಯರು ಚುಚ್ಚಿದರೆ ಯಾವ ಚಕ್ರದಲ್ಲಿ ದೋಷ ಎಂದು ಪರದೆಯೇ ಹೇಳುತ್ತದೆ. ಒಳ್ಳೆಯದೇ. ಆದರೆ ನನ್ನ ಕೊನೆಯ ಕೆಲಸದಲ್ಲಿ ವಾಯರು ಚುಚ್ಚಲು ಜಾಗವೇ ಇರಲಿಲ್ಲ. ಆ ಗಾಡಿಯ ಕತೆ ಹೇಳದೆ ಬಿಟ್ಟರೆ ಉಳಿದದ್ದನ್ನು ಬರೆದೂ ಪ್ರಯೋಜನವಿಲ್ಲ.

ಕಾಸರಕೋಡಿನ ದಾಮೋದರ ತಾಂಡೇಲರು ಬೋಟು ನಡೆಸಿ ಬಾಳಿದವರು. ವಯಸ್ಸಾಗಿ ಬೋಟುಗಳನ್ನು ಬೇರೆಯವರಿಗೆ ವಹಿಸಿಕೊಟ್ಟ ವರ್ಷ ನನ್ನ ಗ್ಯಾರೇಜಿಗೆ ಬಂದರು. ಸ್ಟೂಲಿನ ಮೇಲೆ ಕೂತು, "ಮೇಸ್ತ್ರಿ, ಅಣ್ಣನ ಗಾಡಿ ಎಬ್ಬಿಸ್ಬೇಕು" ಎಂದರು.

ಯಾವ ಗಾಡಿ ಎಂದು ನಾನು ಕೇಳಲಿಲ್ಲ. ನಮ್ಮ ಕಡೆ ನನ್ನ ವಯಸ್ಸಿನವರಿಗೆಲ್ಲ ಆ ಗಾಡಿ ಗೊತ್ತು. ಅವರ ಅಣ್ಣ ವಿಠ್ಠಲ ಮುಂಬಯಿಯಲ್ಲಿ ಒಬ್ಬ ಪಾರ್ಸಿ ಸಾಹೇಬರ ಡ್ರೈವರ್ ಆಗಿದ್ದ. ಸಾಹೇಬರು ತೀರಿಕೊಂಡ ಮೇಲೆ ಅವರ ಹೆಂಡತಿ, ಮನೆಯಲ್ಲಿದ್ದ ಹಳೆಯ ವಿಲಾಯತಿ ಸ್ಪೋರ್ಟ್ಸ್ ಕಾರನ್ನು ಇವನಿಗೇ ಕೊಟ್ಟುಬಿಟ್ಟರು. ಎರಡೇ ಸೀಟು, ಮಡಚುವ ಕ್ಯಾನ್ವಾಸ್ ತಲೆ, ನೆಲಕ್ಕೆ ಹೊಟ್ಟೆ ತಾಗುವಷ್ಟು ಕುಳ್ಳು, ಕೆಂಪು ಬಣ್ಣ. ವಿಠ್ಠಲ ಅದನ್ನು ಓಡಿಸಿಕೊಂಡೇ ಊರಿಗೆ ಬಂದ. ಬಲೆ ಹರಡಿದ ದಂಡೆಯ ಪಕ್ಕ, ಬೋಟಿನ ಶೆಡ್ಡಿನಲ್ಲಿ ಅದಕ್ಕೊಂದು ಜಾಗ ಮಾಡಿದ. ತಮ್ಮನ ಜೊತೆ ಕಡಲಿಗೂ ಹೋಗುತ್ತಿದ್ದ, ಬಿಡುವಾದಾಗ ಹೆಂಡತಿಯನ್ನು ಕೂರಿಸಿಕೊಂಡು ಕುಮಟೆಗೆ ಸಿನೆಮಾಕ್ಕೂ ಹೋಗುತ್ತಿದ್ದ.

ಒಂದು ದಿನ ಬೆಳಿಗ್ಗೆ ಗಂಡಹೆಂಡತಿಗೆ ಮಾತಿಗೆ ಮಾತು ಬೆಳೆಯಿತು. ಮನೆಗೆ ಮನೆ ಅಂಟಿಕೊಂಡ ಕೇರಿ, ಎಲ್ಲರಿಗೂ ಕೇಳಿಸಿತು. "ಆ ಗಾಡಿ ತಕಂಡು ಎಲ್ಲಾದ್ರೂ ಹೋಗಿ ಸಾಯಿ" ಎಂದು ಹೆಂಡತಿ ಪಾರ್ವತಿ ಕೂಗಿದಳು. ವಿಠ್ಠಲ ಹೋದ. ಹೊನ್ನಾವರ ದಾಟಿ ಕುಮಟಾ ಕಡೆಯ ಇಳಿಜಾರಿನಲ್ಲಿ ಗಾಡಿ ಬಲಕ್ಕೆ ತಿರುಗಿ, ರಸ್ತೆ ದಾಟಿ ಆಚೆ ಬದಿಯ ಧರೆಗೆ, ಗುಡ್ಡ ಕಡಿದ ಚಿರೇಕಲ್ಲಿನ ಗೋಡೆಗೆ ಗುದ್ದಿತು. ಎದುರಿಂದ ಗಾಡಿ ಬಂದಿರಲಿಲ್ಲ, ತಿರುವಿರಲಿಲ್ಲ, ದನ ಅಡ್ಡ ಬಂದಿರಲಿಲ್ಲ. ನೋಡಿದ್ದ ಗದ್ದೆಯ ಆಳುಗಳು ಅಷ್ಟನ್ನೇ ಹೇಳಿದರು. ಉಳಿದದ್ದನ್ನು ಊರು ಸೇರಿಸಿತು: ಹೆಂಡತಿಯ ಮಾತಿಗೆ ನೊಂದು ಬೇಕೆಂದೇ ಹೋಗಿ ಗುದ್ದಿಕೊಂಡ. ಎಲ್ಲರೂ ಸತ್ತವನನ್ನು ನೋಡಿದರು, ಹೆಂಡತಿಯನ್ನು ನೋಡಿದರು. ಗಾಡಿಯನ್ನು ಬಗ್ಗಿ ನೋಡಿದವರು ಒಬ್ಬರೂ ಇಲ್ಲ. ನಾನಾಗ ಭಟ್ಕಳದಲ್ಲಿ ಚಕ್ರದ ಪಕ್ಕ ಕೂತಿದ್ದೆ, ಚಾದಂಗಡಿಯಲ್ಲಿ ಈ ಕತೆ ಕೇಳಿ ನಂಬಿದ್ದೆ.

ಗಾಡಿಯನ್ನು ಎಳೆದು ತಂದು ಅದೇ ಶೆಡ್ಡಿನಲ್ಲಿ ನಿಲ್ಲಿಸಿ ಟಾರ್ಪಾಲು ಹೊದಿಸಿದ್ದರು. ನಾನು ನೋಡಲು ಹೋದ ದಿನ ಪಾರ್ವತಕ್ಕ ಶೆಡ್ಡಿನ ಹೊರಗೆ ಮೀನು ಒಣಗಿಸುವ ಚಾಪೆಯ ಮೇಲಿನ ಕಾಗೆ ಓಡಿಸುತ್ತಿದ್ದರು. ತಲೆ ಪೂರ್ತಿ ಬೆಳ್ಳಗಾಗಿತ್ತು.

"ಮೇಸ್ತ್ರಿ, ಅದನ್ನ ಎಬ್ಬಿಸೂದು ಬೇಡ" ಎಂದರು. "ನಾ ಹೇಳಿದ್ರೆ ಅವ ಕೇಳೂದಿಲ್ಲ. ನೀವಾದ್ರೂ ಆಗೂದಿಲ್ಲ ಅಂದೇಳಿ."

ದಾಮೋದರರಿಗೆ ಹೇಳಿದೆ. ಅವರು ತಲೆ ಅಲ್ಲಾಡಿಸಿದರು. ಅತ್ತಿಗೆಯನ್ನು ಅವರು ವೈನಿ ಎಂದೇ ಕರೆಯುವುದು. "ವೈನಿ ಅವತ್ತಿಂದ ಆ ರಸ್ತೆಲಿ ಹೋಗ್ಲಿಲ್ಲ. ರೈಲು ಬಂದ್ಮೇಲೆ ಕುಮಟೆಗೆ ರೈಲಲ್ಲಿ ಹೋಗ್ತ್ರು, ಮೊದ್ಲು ಹೋಗ್ತಾನೇ ಇರ್ಲಿಲ್ಲ. ನಾ ಸಾಯೂ ಮೊದ್ಲು ಒಂದ್ಸಲ ಅವರನ್ನ ಅದೇ ಗಾಡಿಲಿ ಕೂರಿಸ್ಕಂಡು ಕುಮಟೆಗೆ ಹೋಗಿ ಬರ್ಬೇಕು. ಅಣ್ಣನ ಗಾಡಿ ಶಾಪದ ಗಾಡಿ ಅಲ್ಲ ಅಂತ ಊರಿಗೆ ತೋರಿಸ್ಬೇಕು. ಆದ್ರೆ ಬ್ರೇಕು ಮಾತ್ರ ಈಗಿನ ಕಾಲದ್ದು ಹಾಕಿ, ಎಷ್ಟಾದ್ರೂ ಆಗ್ಲಿ."

ಕೆಲಸ ಬಹಳ ದಿನ ಹಿಡಿಯಿತು. ಉಪ್ಪುಗಾಳಿ ಕಬ್ಬಿಣವನ್ನು ಹಪ್ಪಳ ಮಾಡಿಬಿಡುವ ಊರು ನಮ್ಮದು. ಅಷ್ಟು ವರ್ಷವಾದರೂ ಈ ಗಾಡಿಯ ಚಾಸಿ ಗಟ್ಟಿಯಾಗಿತ್ತು. ಮಳೆಗಾಲಕ್ಕೆ ಮುಂಚೆ ದೋಣಿಯ ಮರಕ್ಕೆ ತಾರ್ಲೆ ಮೀನಿನ ಎಣ್ಣೆ ಬಳಿಯುವುದು ಇಲ್ಲಿಯ ಪದ್ಧತಿ. ದಾಮೋದರರು ಗಾಡಿಯ ಹೊಟ್ಟೆಗೂ ಅದನ್ನೇ ಬಳಿಯುತ್ತ ಬಂದಿದ್ದರು. ಕಬ್ಬಿಣಕ್ಕೆ ಅದು ಒಳ್ಳೆಯದೇ, ನಾನೂ ಮೆಚ್ಚಿ ಎರಡು ಮಾತಾಡಿದೆ. ಜಜ್ಜಿಹೋದ ಬಲಗಡೆಯ ಮೈಯನ್ನು ತಟ್ಟಿ ಎಬ್ಬಿಸಿದ್ದು ಕುಮಟಾದ ಒಬ್ಬ ತಗಡಿನ ಕೆಲಸದವ. ಇಂಜಿನ್ ನನ್ನ ಕೈಯಲ್ಲಿ ಬಹಳ ಗೋಳಾಡಿ ಕೊನೆಗೊಮ್ಮೆ ಕೆಮ್ಮಿ ಎದ್ದಿತು.

ಹಳೆಯ ಡ್ರಮ್ ಬ್ರೇಕುಗಳನ್ನು ಬಿಚ್ಚಿದಾಗ ಒಂದು ವಿಚಿತ್ರ ಕಂಡಿತು. ಮುಂದಿನ ಎಡಚಕ್ರದ ಲೈನರು, ಅಂದರೆ ಡ್ರಮ್ಮಿಗೆ ಉಜ್ಜಿ ಚಕ್ರ ನಿಲ್ಲಿಸುವ ಪಟ್ಟಿ, ಹೆಚ್ಚುಕಡಿಮೆ ಹೊಸದರಷ್ಟೇ ದಪ್ಪ. ಬಲಚಕ್ರದ್ದು ಸವೆದು ರಿವೆಟ್ ಕಾಣುತ್ತಿತ್ತು, ಸುಟ್ಟು ಕರ್ರಗಾಗಿತ್ತು. ಒಂದೇ ಎತ್ತು ಗಾಡಿ ಎಳೆದ ಹಾಗೆ ಬಲಚಕ್ರವೊಂದೇ ದುಡಿದಿತ್ತು. ಯಾರೋ ಸರಿಯಾಗಿ ಅಡ್ಜಸ್ಟ್ ಮಾಡಿರಲಿಕ್ಕಿಲ್ಲ ಎಂದುಕೊಂಡೆ. ಹಳೆಯ ಸಾಮಾನನ್ನು ಕೆಲಸ ಮುಗಿಯುವ ತನಕ ಎಸೆಯದೆ ಇಡುವುದು ನನ್ನ ಪದ್ಧತಿ, ಗೋಣಿಗೆ ತುಂಬಿ ಮೂಲೆಗಿಟ್ಟೆ.

ಮುಂದಿನ ಎರಡು ಚಕ್ರಕ್ಕೂ ಹೊಸ ಡಿಸ್ಕ್, ಮಾಸ್ಟರ್ ಸಿಲಿಂಡರ್, ಕಾಲಿಗೆ ಭಾರವಾಗದ ಹಾಗೆ ಬೂಸ್ಟರ್, ಬ್ರೇಕಿನ ದ್ರವ ಚಕ್ರಕ್ಕೆ ಹರಿಯುವ ಹೊಸ ರಬ್ಬರ್ ಹೋಸು. ಹಳೆಯ ಹೆದ್ದಾರಿಯಲ್ಲಿ ವಿಠ್ಠಲ ಸತ್ತ ಆ ಇಳಿಜಾರಿನ ತುಂಡು ಇನ್ನೂ ಉಳಿದಿದೆ. ಚತುಷ್ಪಥ ರಸ್ತೆ ಅದನ್ನು ಪಕ್ಕಕ್ಕೆ ಬಿಟ್ಟು ಹೋಗಿರುವುದರಿಂದ ವಾಹನವಿಲ್ಲ. ನಾನು ಎಲ್ಲ ಗಾಡಿಯ ಬ್ರೇಕನ್ನೂ ಅಲ್ಲೇ ನೋಡುವವನು. ಇದನ್ನೂ ಒಬ್ಬನೇ ಒಯ್ದೆ. ಕಾಲಿಟ್ಟರೆ ಗೆರೆ ಎಳೆದ ಹಾಗೆ ನೇರ ನಿಂತಿತು. ಅಷ್ಟರಲ್ಲಿ ಮಳೆ ಹಿಡಿಯಿತು. "ಶೆಡ್ಡಲ್ಲಿರ್ಲಿ, ಚೌತಿ ಕಳೀಲಿ" ಎಂದು ದಾಮೋದರರು ಗಾಡಿಯನ್ನು ಕಾಸರಕೋಡಿಗೆ ಒಯ್ದರು.

ಚೌತಿ ಕಳೆಯಿತು. ಪಾರ್ವತಕ್ಕ ಕೊನೆಗೂ ಒಪ್ಪಿದ್ದರು. ಹೇಗೆ ಒಪ್ಪಿದರು ಎಂದು ಕೇಳಿದೆ. "'ಆತು, ಬತ್ತೆ' ಅಂದ್ರು, ಮತ್ತೆಂತ ಹೇಳ್ಲಿಲ್ಲ" ಎಂದರು ದಾಮೋದರರು. ಅವರ ಮುಖದಲ್ಲಿ ಅಷ್ಟು ಸಂತೋಷ ನಾನು ಯಾವತ್ತೂ ಕಂಡಿರಲಿಲ್ಲ. ನಾಳೆಯೇ ಹೊರಡುವ ಆತುರ. ನಾನು, "ತಡೀರಿ, ಇನ್ನೊಂದ್ಸಲ ಇಳ್ಕಲಿಗೆ ಹೋಗಿ ಬತ್ತೆ" ಎಂದೆ.

ಇಳಿಜಾರಿನ ಅರ್ಧದಲ್ಲಿ ಬ್ರೇಕ್ ಒತ್ತಿದೆ. ಸ್ಟೇರಿಂಗು ನನ್ನ ಕೈಯಿಂದ ಕಿತ್ತುಕೊಂಡು ಬಲಕ್ಕೆ ಹೋಯಿತು. ನಾನು ಎಡಕ್ಕೆ ಎಳೆದಷ್ಟೂ ಗಾಡಿ ಬಲಕ್ಕೇ. ಧರೆಯ ಕೆಂಪು ಕಲ್ಲು ಮುಖಕ್ಕೆ ಬಂತು. ಯಾವ ಬುದ್ಧಿಯೋ, ಕಾಲು ಎತ್ತಿಬಿಟ್ಟೆ. ಎತ್ತಿದ ಕೂಡಲೇ ಅದು ಎಳೆಯುವುದನ್ನು ಬಿಟ್ಟಿತು. ಧರೆಯ ಬುಡದ ಚರಂಡಿಗೆ ಚಕ್ರ ಇಳಿದು, ಹ್ಯಾಂಡ್ ಬ್ರೇಕ್ ಎಳೆದದ್ದಕ್ಕೆ ನಿಂತಿತು. ಇಳಿದು ರಸ್ತೆಯಲ್ಲೇ ಕೂತೆ. ಹೆದರಿದ್ದೆ ಎಂದು ಬರೆಯಲು ನನಗೆ ನಾಚಿಕೆಯಿಲ್ಲ. ಪಾರ್ವತಕ್ಕ ಆ ಎಡ ಸೀಟಿನಲ್ಲಿ ಇದ್ದಿದ್ದರೆ ಎಂದು ನೆನೆದಾಗ ಹೆದರಿಕೆ ಹೋಗಿ ಸಿಟ್ಟು ಬಂತು, ಯಾರ ಮೇಲೆ ಎಂದು ಗೊತ್ತಿಲ್ಲದ ಸಿಟ್ಟು.

ಮುಂದಿನ ದಿನಗಳಲ್ಲಿ ನಾನು ಮಾಡಿದ ದಡ್ಡತನಗಳನ್ನು ಹೇಳುತ್ತೇನೆ, ನಿಮಗೆ ಉಪಯೋಗವಾದೀತು. ಮೊದಲು ಗಾಳಿ ಸಿಕ್ಕಿರಬೇಕು ಎಂದು ಬ್ರೇಕಿನ ಗಾಳಿ ತೆಗೆದೆ. ಎಡಗಡೆ ಸಣ್ಣ ಧಾರೆಯಾಗಿ ಬಂದದ್ದನ್ನು ಕಂಡೂ, ಗಾಳಿ ಬಿಡುವ ನಿಪ್ಪಲಿಗೆ ಉಪ್ಪು ಕಟ್ಟಿದೆ ಎಂದುಕೊಂಡೆ. ಪ್ಯಾಡುಗಳನ್ನು ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಹಾಕಿ ನೋಡಿದೆ. ಆಮೇಲೆ ಬೂಸ್ಟರನ್ನು ಬೈದೆ. ಹಳೆಯ ಗಾಡಿಗೆ ಹೊಸ ಬ್ರೇಕು ಹೊಂದುವುದಿಲ್ಲ ಎಂದು ಕಂಡವರೆಲ್ಲ ಹೇಳಿದರು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ. ಕಂಗಾಲು ಮಾಡಿದ್ದು ಏನೆಂದರೆ, ಗಾಡಿ ನಿಂತಲ್ಲೇ ಬ್ರೇಕ್ ಒತ್ತಿ ಹಿಡಿದರೆ ಎರಡೂ ಚಕ್ರ ಗಟ್ಟಿಯಾಗುತ್ತಿದ್ದವು. ಓಡುವಾಗ ಮಾತ್ರ ಮೋಸ.

ಕೊನೆಗೆ ಗಾಡಿಯ ಮುಂಭಾಗವನ್ನು ಜಾಕಿಯ ಮೇಲೆ ಎತ್ತಿದೆ. ದಾಮೋದರರೇ ಡ್ರೈವರ್ ಸೀಟಿನಲ್ಲಿ ಕೂತರು, ನಾನು ಕೆಳಗೆ ಮಲಗಿದೆ.

"ಒತ್ತಿ. ಬಿಡಿ."

ಬಿಟ್ಟ ತಕ್ಷಣ ಬಲಚಕ್ರ ಸಲೀಸಾಗಿ ತಿರುಗಿತು. ಎಡಚಕ್ರ ತಿರುಗಲಿಲ್ಲ. ಸ್ವಲ್ಪ ಹೊತ್ತು ಹಿಡಿದುಕೊಂಡೇ ಇದ್ದು, ಆಮೇಲೆ ತಾನಾಗಿ ಸಡಿಲವಾಯಿತು. ಇನ್ನೊಮ್ಮೆ ಒತ್ತಿಸಿ ಬಿಡಿಸಿದೆ. ಎಡಚಕ್ರ ಹಿಡಿದಿರುವಾಗಲೇ ರಬ್ಬರ್ ಹೋಸಿನ ಮೇಲ್ಭಾಗದ ಪೈಪಿನ ಜೋಡಣೆ ಸಡಿಲಿಸಿದೆ. ಏನೂ ಆಗಲಿಲ್ಲ. ಹೋಸಿನ ಕೆಳಗೆ, ಚಕ್ರದ ಹತ್ತಿರದ ನಿಪ್ಪಲು ಬಿಚ್ಚಿದೆ. ಪಿಚಕ್ಕೆಂದು ಹಾರಿ ಚಕ್ರ ಸಡಿಲವಾಯಿತು. ಅಂದರೆ ಅಡ್ಡಿ ಇರುವುದು ನಡುವಿನ ಹೋಸಿನಲ್ಲೇ. ಒತ್ತಿದ್ದು ಅದರೊಳಗೆ ಬೇಗ ಇಳಿಯುವುದಿಲ್ಲ, ಇಳಿದದ್ದು ಬೇಗ ವಾಪಸ್ಸು ಬರುವುದಿಲ್ಲ. ಎಡಚಕ್ರಕ್ಕೆ ಸುದ್ದಿ ಮುಟ್ಟುವ ಮೊದಲೇ ಬಲಚಕ್ರ ಕಚ್ಚಿ ಹಿಡಿದು ಗಾಡಿಯನ್ನು ತನ್ನ ಕಡೆ ಎಳೆಯುತ್ತದೆ.

ಹೋಸನ್ನು ಬಿಚ್ಚಿ ಬಾಯಿಟ್ಟು ಊದಿದೆ. ಗಾಳಿ ಹೋಗಲಿಲ್ಲ. ಬ್ಲೇಡಿನಿಂದ ಸೀಳಿದೆ. ಬಿಗಿ ನೇಯ್ಗೆಯ ಪಟ್ಟಿಯಿಂದಾಗಿ ಹೊರಕ್ಕೆ ಉಬ್ಬಲಾಗದ ರಬ್ಬರು ಒಳಕ್ಕೆ ಉಬ್ಬಿ ದಾರಿ ಮುಚ್ಚಿಕೊಂಡಿತ್ತು. ಹಾಕಿ ಒಂದು ಮಳೆಗಾಲ ಕಳೆದಿತ್ತು ಅಷ್ಟೇ. ಮೂಸಿದೆ. ಮೀನಿನ ವಾಸನೆ. ಕಾಸರಕೋಡಿನಿಂದ ಬಂದ ವಸ್ತುವಿಗೆ ಮೀನಿನ ವಾಸನೆ ಇದ್ದರೆ ಯಾರೂ ಮೂಗೆತ್ತಿ ನೋಡುವುದಿಲ್ಲ, ನಾನೂ ಅಲ್ಲಿಯ ತನಕ ನೋಡಿರಲಿಲ್ಲ.

"ಇದಕ್ಕೆ ಎಂತ ಹಚ್ಚಿದ್ರಿ?" ಎಂದು ಕೇಳಿದೆ.

"ಎಣ್ಣೆ" ಎಂದರು ದಾಮೋದರರು, ಸೀಟಿನಿಂದಲೇ. "ಮಳೆಗಾಲಕ್ಕೆ ಹಚ್ಚದೇ ಬಿಡೂಕಾತದ್ಯಾ? ಹೊಸ ಸಾಮಾನು ಅಂದೇಳಿ ಮೂಲೆಮೂಲೆಗೆ ಕೈ ಹಾಕಿ ಹಚ್ಚಿದ್ದೆ. ಎಡದ ಬದಿಗೆ ಎರಡೆರಡು ಸಲ."

"ಎಡಕ್ಕೆ ಎಂತಕ್ಕೆ ಎರಡು ಸಲ?"

"ಕಡಲ ಬದಿ ಅಲ್ದಾ? ದೋಣಿಗೂ ಕಡಲ ಬದಿಗೆ ಎರಡು ಸಲನೇ ಹಚ್ಚೂದು. ಶೆಡ್ಡಲ್ಲಿ ಗಾಡಿ ಯಾವಾಗೂ ಎಡಮೈ ಕಡಲಿಗೆ ಕೊಟ್ಟೇ ನಿಲ್ಲೂದು."

ರಬ್ಬರಿಗೆ ಎಣ್ಣೆ ವಿಷ ಎಂದು ಅವರಿಗೆ ಹೇಳಿದೆ. ಹೇಳುವ ಧ್ವನಿ ಜೋರಾಗಿತ್ತು, ಆ ಇಳಿಜಾರನ್ನು ನಾನಿನ್ನೂ ಮರೆತಿರಲಿಲ್ಲ. ಅವರು ಇಳಿದು ಬಂದು ಸೀಳಿದ ಹೋಸನ್ನು ಕೈಯಲ್ಲಿ ಹಿಡಿದರು. ಬೋಟಿನ ಇಂಜಿನ್ನಿನ ಜೊತೆ ಬಾಳಿದವರು, ವಿವರಿಸಿ ಹೇಳಬೇಕಾಗಿರಲಿಲ್ಲ. ಅದನ್ನು ತಿರುಗಿಸಿ ನೋಡುತ್ತ ಕೇಳಿದರು:

"ಅಣ್ಣ ಇರೂವಾಗೂ ನಾನೇ ಹಚ್ತಿದ್ದೆ. ಅವನಿಗೆ ಪುರಸೊತ್ತು ಇರ್ತಿರ್ಲಿಲ್ಲ. ಹಳೇ ಬ್ರೇಕು ಬಿಚ್ಚಿದಾಗ ಹೆಂಗಿತ್ತು, ಮೇಸ್ತ್ರಿ?"

ಸುಳ್ಳು ಹೇಳುವುದು ಸುಲಭವಿತ್ತು. ಅಷ್ಟು ಹಳೆಯ ರಬ್ಬರು ಎಣ್ಣೆ ತಾಗದೆಯೂ ಕಲ್ಲಾಗುತ್ತದೆ, ಅದನ್ನು ನೋಡಿ ಏನೂ ಹೇಳಲಾಗುವುದಿಲ್ಲ. ಅಷ್ಟು ಹೇಳಿದ್ದರೆ ಅದು ಸುಳ್ಳೂ ಆಗುತ್ತಿರಲಿಲ್ಲ. ಆದರೆ ಗೋಣಿಯಲ್ಲಿ ಆ ಲೈನರುಗಳಿದ್ದವು. ಸವೆತಕ್ಕೆ ವಯಸ್ಸಿನ ಹಂಗಿಲ್ಲ. ಗಾಡಿ ಓಡುತ್ತಿದ್ದ ಕಾಲದಲ್ಲೇ ಆದದ್ದು ಅದು; ಆಗಲೂ ಎಡಚಕ್ರ ಸರಿಯಾಗಿ ಹಿಡಿಯುತ್ತಿರಲಿಲ್ಲ. ನಾನು ನಿಂತು ಯೋಚಿಸಿದೆ. ಮುಂದೆ ನಿಂತಿದ್ದ ಈ ಮುದುಕನ ನೆಮ್ಮದಿ ಒಂದು ಕಡೆ. ಅದೇ ಮನೆಯಲ್ಲಿ, ಗಂಡನನ್ನು ಮಾತಿನಿಂದ ಕೊಂದವಳು ಎನಿಸಿಕೊಂಡು ಮುದುಕಿಯಾದ ಹೆಂಗಸು ಇನ್ನೊಂದು ಕಡೆ. ಹೇಳಿದರೆ ಒಬ್ಬರ ಎದೆಯ ಕಲ್ಲನ್ನು ಎತ್ತಿ ಇನ್ನೊಬ್ಬರ ಎದೆಗೆ ಇಡಬೇಕು. ಹಣೆಬರ ಎಂದು ಕೈ ತೊಳೆದುಕೊಳ್ಳಲು ನನಗೆ ಬರುವುದಿಲ್ಲ. ಗೋಣಿ ಬಿಚ್ಚಿ ಎರಡೂ ಲೈನರುಗಳನ್ನು ಅವರ ಮುಂದೆ ಇಟ್ಟೆ. ಯಾವುದು ಎಡದ್ದು, ಯಾವುದು ಬಲದ್ದು ಎಂದು ತೋರಿಸಿದೆ.

ದಾಮೋದರರು ಸ್ಟೂಲಿನ ಮೇಲೆ ಕೂತರು. ಎಣ್ಣೆ ಹಚ್ಚುವಾಗಿನ ಹಾಗೆ ಬಲಗೈಯ ಬೆರಳುಗಳನ್ನು ಒಂದಕ್ಕೊಂದು ಉಜ್ಜುತ್ತಿದ್ದರು. ನಾನು ನೀರು ಕೊಟ್ಟೆ, ಕುಡಿಯಲಿಲ್ಲ.

"ನೀವೂ ಬನ್ನಿ" ಎಂದರು ಕೊನೆಗೆ. "ನಾ ಒಬ್ನೇ ಹೇಳಿದ್ರೆ ವೈನಿ ನಂಬೂದಿಲ್ಲ. ತನ್ನ ಮೇಲಿನ ಕನಿಕರಕ್ಕೆ ನಾ ಕತೆ ಕಟ್ಟಿದೆ ಅಂತ್ರು."

ಆ ದಿನವೇ ಹೋದೆವು. ಗಾಡಿಯಲ್ಲಿ ಅಲ್ಲ, ನನ್ನ ಸ್ಕೂಟರಿನಲ್ಲಿ. ದಾಮೋದರರನ್ನು ಹಿಂದೆ ಕೂರಿಸಿಕೊಂಡು ಶರಾವತಿ ಸೇತುವೆ ದಾಟಿದೆ.

ಪಾರ್ವತಕ್ಕ ಜಗಲಿಯಲ್ಲಿ ಅಕ್ಕಿ ಆರಿಸುತ್ತಿದ್ದರು. ನಾವು ಚಪ್ಪಲಿ ಬಿಟ್ಟು ಕೂತೆವು. ದಾಮೋದರರು ಕೊಂಕಣಿಯಲ್ಲಿ ಶುರುಮಾಡಿದರು. ನನಗೆ ಅರ್ಥವಾಗುವಷ್ಟು ಕೊಂಕಣಿ ಬರುತ್ತದೆ. ಹೋಸು, ಎಣ್ಣೆ, ಕಡಲ ಬದಿ, ಲೈನರು, ನಾನು ಧರೆಗೆ ಗುದ್ದುವುದು ತಪ್ಪಿದ್ದು, ಒಂದನ್ನೂ ಬಿಡದೆ ಹೇಳಿದರು. "ಹಚ್ಚಿದ್ದು ನಾನೇ" ಎಂಬುದನ್ನು ಎರಡು ಸಲ ಹೇಳಿದರು. ಪಾರ್ವತಕ್ಕ ಮೊರ ಕೆಳಗಿಟ್ಟರು. ಮೈದುನನ ಮುಖ ನೋಡಲಿಲ್ಲ. ನನ್ನ ಕಡೆ ತಿರುಗಿ ಕನ್ನಡದಲ್ಲಿ ಕೇಳಿದರು:

"ಅಂದ್ರೆ ಅವರು ಬ್ರೇಕು ಒತ್ತಿದ್ರಾ?"

ನನಗೆ ಮೊದಲು ಪ್ರಶ್ನೆ ಹೊಳೆಯಲಿಲ್ಲ. ಆಮೇಲೆ ಹೊಳೆಯಿತು. ಸಾಯಲು ಹೋದವನು ಬ್ರೇಕ್ ಒತ್ತುವುದಿಲ್ಲ. ಈ ಹೆಂಗಸು ಅಷ್ಟು ವರ್ಷದಿಂದ ತಿಳಿಯಬೇಕೆಂದಿದ್ದದ್ದು ಅದೊಂದೇ, ಕೇಳಲು ಯಾರೂ ಸಿಕ್ಕಿರಲಿಲ್ಲ.

ನಾನು ನೋಡದ ಸಂಗತಿಗೆ ಗ್ಯಾರಂಟಿ ಕೊಟ್ಟವನಲ್ಲ. ನಿಮಗೂ ಕೊಡಬೇಡಿ ಎಂದೇ ಹೇಳುತ್ತೇನೆ. ಅಂದು ಆ ಇಳಿಜಾರಿನಲ್ಲಿ ನಾನಿರಲಿಲ್ಲ. ಸ್ಟೇರಿಂಗು ತಿರುಗಿಸಿದ್ದು ವಿಠ್ಠಲನ ಕೈಯೋ ಬಲಚಕ್ರವೋ ಎಂದು ಆಣೆ ಮಾಡಿ ಹೇಳಬಲ್ಲವರು ಯಾರೂ ಇಲ್ಲ. ಆದರೆ ಅದೇ ಜಾಗದಲ್ಲಿ, ಅದೇ ಗಾಡಿಯಲ್ಲಿ, ಬದುಕಬೇಕೆಂದೇ ನಾನು ಬ್ರೇಕ್ ಒತ್ತಿದ್ದೆ. ಅದು ನನ್ನನ್ನು ಅದೇ ಧರೆಗೆ ಎಳೆದುಕೊಂಡು ಹೋಗಿತ್ತು.

"ಒತ್ತಿದ್ರು, ಪಾರ್ವತಕ್ಕ" ಎಂದೆ. "ಒತ್ತಿದ್ದಕ್ಕೇ ಗಾಡಿ ಆ ಬದಿಗೆ ಹೋತು. ಅವರು ನಿಲ್ಲಿಸೂಕೆ ನೋಡಿದ್ರು."

ಆಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಅಳುವಿನ ಸದ್ದು ಬರಲಿಲ್ಲ, ಭುಜ ಮಾತ್ರ ಅಲುಗುತ್ತಿತ್ತು. ದಾಮೋದರರು ಕೂತಲ್ಲಿಂದಲೇ ಮುಂದಕ್ಕೆ ಬಾಗಿ ಆಕೆಯ ಕಾಲ ಬಳಿ ನೆಲಕ್ಕೆ ಹಣೆ ಹಚ್ಚಿದರು. "ವೈನಿ, ಅಣ್ಣನ್ನ ಕೊಂದದ್ದು ನಾನು" ಎಂದರು. ಅಷ್ಟು ದೊಡ್ಡ ಆಳು ಹಾಗೆ ಅತ್ತದ್ದನ್ನು ನೋಡಲು ನನ್ನಿಂದ ಆಗಲಿಲ್ಲ, ಅಂಗಳ ನೋಡುತ್ತ ಕೂತೆ.

ಪಾರ್ವತಕ್ಕ ಮುಖ ಒರೆಸಿಕೊಂಡರು. ಕೈ ಚಾಚಿ ಮೈದುನನ ತಲೆ ಮುಟ್ಟಿದರು.

"ಏಳು" ಎಂದರು. "ನೀ ಹಚ್ಚಿದ್ದು ಒಳ್ಳೇದಾಗ್ಲಿ ಅಂದೇಳಿ. ನಾ ಹೇಳಿದ್ದು ಸಾಯ್ಲಿ ಅಂದೇಳಿ. ಅದನ್ನ ಯಾವ ಮೇಸ್ತ್ರಿ ಬಿಚ್ಚಿ ನೋಡ್ತ?"

ಪಾರ್ವತಕ್ಕ ಮೊರ ಎತ್ತಿಕೊಂಡು ಒಳಗೆ ಹೋದರು. ದಾಮೋದರರು ಅಲ್ಲೇ ಕೂತಿದ್ದರು. ನಾನು ಚಪ್ಪಲಿ ಹಾಕಿಕೊಂಡು ಹೊರಟೆ.